ಎಸ್‌ಟಿಐಗೆ ಇ85: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹತ್ತಿರ ಇರುವುದು 2017ರ ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ. 2.5 ಲೀಟರಿನ ಇಜೆ257 ಟರ್ಬೊ ಎಂಜಿನ್, ಕಂಪನಿ ಹೇಳುವ ಲೆಕ್ಕಕ್ಕೆ 305 ಅಶ್ವಶಕ್ತಿ. ಇರುವ ಊರು ಅಮೆರಿಕದ ಮಿನೆಸೋಟ, ಸುತ್ತ ಎಲ್ಲಿ ನೋಡಿದರೂ ಮೆಕ್ಕೆಜೋಳ, ಬಂಕಿಗೆ ಹೋದರೆ ಅದೇ ಜೋಳದ ಎಥನಾಲ್. ಮೂರು ವರ್ಷದಿಂದ ಗಾಡಿ ಎಥನಾಲ್ ಹೆಚ್ಚು, ಪೆಟ್ರೋಲ್ ಕಮ್ಮಿ ಬೆರೆಸಿದ ಇ85 ಕುಡಿಯುತ್ತಿದೆ. ಕನ್ನಡ ಕೂಟದ ಊಟದ ಸಾಲಿನಲ್ಲಿ, ವಾಟ್ಸಾಪಿನಲ್ಲಿ, ಮಂಡ್ಯಕ್ಕೆ ಹೋದಾಗ ಚಿಕ್ಕಪ್ಪನ ಮಗನ ಬಾಯಲ್ಲಿ, ಎಲ್ಲ ಕಡೆ ಅವೇ ಪ್ರಶ್ನೆಗಳು. ಒಂದು ಸಲ ಬರೆದಿಟ್ಟರೆ ನನಗೂ ಗಂಟಲು ಉಳಿಯುತ್ತದೆ. ನಾನು ಮೆಕ್ಯಾನಿಕ್ ಅಲ್ಲ, ವಾರಾಂತ್ಯಕ್ಕೆ ಕೈ ಮಸಿ ಮಾಡಿಕೊಳ್ಳುವ ಸಾಫ್ಟ್‌ವೇರ್ ನೌಕರ. ಓದುವಾಗ ಅದು ನೆನಪಿರಲಿ.

ಇ85 ಅಂದ್ರೆ ನೂರಕ್ಕೆ 85 ಭಾಗ ಎಥನಾಲ್, ಅಷ್ಟೇ ಅಲ್ವಾ?

ಅಲ್ಲ. ಎಡವಟ್ಟೆಲ್ಲ ಶುರುವಾಗುವುದೇ ಇಲ್ಲಿಂದ. ಅಮೆರಿಕದಲ್ಲಿ ಇ85ಗೆ ಇರುವ ಎಎಸ್‌ಟಿಎಂ ಡಿ5798 ಮಾನಕದ ಪ್ರಕಾರ ಅದರಲ್ಲಿ ಎಥನಾಲ್ ಶೇ 51ರಿಂದ 83ರವರೆಗೆ ಎಷ್ಟು ಬೇಕಾದರೂ ಇರಬಹುದು. ಬೇಸಿಗೆಯಲ್ಲಿ ಜಾಸ್ತಿ, ಚಳಿಗಾಲದಲ್ಲಿ ಕಮ್ಮಿ. ಹಳದಿ ಹಿಡಿಕೆಯ ಪಂಪಿನ ಮೇಲೆ ಅಂಟಿಸಿದ ಚೀಟಿ ಮಾತ್ರ ವರ್ಷವಿಡೀ ಅದೇ.

ಅದಕ್ಕೇ ನನ್ನ ಡಿಕ್ಕಿಯಲ್ಲಿ ಗೀಟು ಹಾಕಿದ ಒಂದು ಸಪೂರ ಗಾಜಿನ ಕೊಳವೆ ಯಾವಾಗಲೂ ಇರುತ್ತದೆ. 50 ಮಿಲೀ ನೀರು, ಅದರ ಮೇಲೆ 50 ಮಿಲೀ ಇಂಧನ. ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ, ಮುಚ್ಚಳ ಒಂಚೂರು ಸಡಿಲಿಸಿ ಗಾಳಿ ಬಿಟ್ಟು, ನೆಟ್ಟಗೆ ನಿಲ್ಲಿಸಬೇಕು. ಎಥನಾಲ್ ನೀರಿನ ಜೊತೆ ಸೇರಿ ಕೆಳಗಿಳಿಯುತ್ತದೆ, ಪೆಟ್ರೋಲ್ ಮೇಲೆ ತೇಲುತ್ತದೆ. ಗೆರೆ ಸರಿಯಾಗಿ ಕಾಣುವುದಿಲ್ಲ ಅಂತ ನಾನು ನೀರಿಗೆ ಮೊದಲೇ ಕೇಸರಿಭಾತಿನ ಬಣ್ಣ ಒಂದು ಚಿಟಿಕೆ ಹಾಕಿರುತ್ತೇನೆ, ಅದು ಪೆಟ್ರೋಲಿಗೆ ಹತ್ತುವುದಿಲ್ಲ. ಐದು ನಿಮಿಷ ಬಿಟ್ಟು ನೋಡಿದರೆ ಕೆಳಗೆ ಕೇಸರಿ, ಮೇಲೆ ತಿಳಿ. ಮೇಲಿನದು 15 ಮಿಲೀ ಉಳಿದಿದ್ದರೆ 35 ಮಿಲೀ ಕೆಳಗಿಳಿದಿದೆ ಎಂದರ್ಥ, 50ರಲ್ಲಿ 35, ಅಂದರೆ ಶೇ 70. ಒಂದೆರಡು ಅಂಕಿ ಆಚೀಚೆ ಆದೀತು, ನಮ್ಮ ಕೆಲಸಕ್ಕೆ ಧಾರಾಳ ಸಾಕು.

ಎಥನಾಲ್‌ನಲ್ಲಿ ಶಕ್ತಿ ಕಮ್ಮಿ ಅಂತಾರೆ, ಮತ್ತೆ ಪವರ್ ಹೆಂಗೆ ಜಾಸ್ತಿ ಆಗುತ್ತೆ?

ಶಕ್ತಿ ಕಮ್ಮಿ ಎನ್ನುವುದು ನಿಜ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಇದ್ದರೆ ಎಥನಾಲ್‌ನಲ್ಲಿ ಸುಮಾರು 21. ಆದರೆ ಎಂಜಿನ್ನಿಗೆ ಕೊರತೆ ಇರುವುದು ಇಂಧನದ್ದಲ್ಲ, ಗಾಳಿಯದು. ಟರ್ಬೊ ಒತ್ತಿ ತುಂಬಿದಷ್ಟೇ ಗಾಳಿ, ಅದಕ್ಕೆ ತಕ್ಕಷ್ಟು ಇಂಧನ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಕೆಜಿ ಸಾಕು. ಹಾಗಾಗಿ ಅಷ್ಟೇ ಗಾಳಿಗೆ ಹೆಚ್ಚು ಎಥನಾಲ್ ಸುರಿಯಬಹುದು. ಗಾಳಿಯ ಲೆಕ್ಕದಲ್ಲಿ ನೋಡಿದರೆ ಸಿಗುವ ಶಕ್ತಿ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ.

ಹಾಗಿದ್ದರೆ ಲಾಭ ಎಲ್ಲಿಂದ? ತಂಪಿನಿಂದ. ಅಂಗೈಗೆ ಸ್ಯಾನಿಟೈಸರ್ ಹಾಕಿಕೊಂಡಾಗ ತಣ್ಣಗಾಗುತ್ತದಲ್ಲ, ಅದೇ ಕೆಲಸ ಎಂಜಿನ್ ಒಳಗೆ ನಡೆಯುತ್ತದೆ. ಆವಿಯಾಗುವಾಗ ಎಥನಾಲ್ ಹೀರುವ ಶಾಖ ಪೆಟ್ರೋಲಿನ ಎರಡೂವರೆ ಪಟ್ಟು. ಸುರಿಯುವುದೂ ಜಾಸ್ತಿಯಾದ್ದರಿಂದ ಒಂದು ಕೆಜಿ ಗಾಳಿಗೆ ಹಿಡಿದು ನೋಡಿದರೆ ಸರಿಸುಮಾರು ನಾಲ್ಕು ಪಟ್ಟು. ಅದರ ಮೇಲೆ ಆಕ್ಟೇನ್ 108ರ ಆಸುಪಾಸು. ಒಳಗೆ ತಂಪಿದ್ದು, ಕಿಡಿಯ ಬೆಂಕಿ ತಲುಪುವ ಮೊದಲೇ ತಾನಾಗಿ ಹತ್ತಿಕೊಳ್ಳುವ ಚಾಳಿಯೂ ಇಲ್ಲದಿದ್ದರೆ ನಾಕಿಂಗ್ ಭಯ, ಅಂದರೆ ಹಾಗೆ ಹತ್ತಿ ಒಳಗೆ ಬಡಿಯುವ ಭಯ, ಕಮ್ಮಿ. ಆಗ ಬೂಸ್ಟ್, ಅಂದರೆ ಟರ್ಬೊ ಗಾಳಿ ತುಂಬುವ ಒತ್ತಡ, ಏರಿಸಬಹುದು, ಕಿಡಿಯನ್ನು ಮುಂಚಿತವಾಗಿ ಕೊಡಬಹುದು. ಪವರ್ ಬರುವುದು ಈ ಎರಡರಿಂದ. ಎಥನಾಲ್ ಜಾಗ ಮಾಡಿಕೊಡುತ್ತದೆ ಅಷ್ಟೇ, ಆ ಜಾಗದಲ್ಲಿ ಕೂರಬೇಕಾದ್ದು ಟ್ಯೂನ್, ಅಂದರೆ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುವಿನ ಲೆಕ್ಕ ತಿದ್ದಿ ಬರೆಯುವುದು.

ಕಂಪನಿಗಳೇ ಇದನ್ನು ಮಾಡಿ ತೋರಿಸಿವೆ. 2005ರ ಸಾಬ್ 9-5 ಬಯೋಪವರ್ ಪೆಟ್ರೋಲಿನಲ್ಲಿ 150, ಇ85ನಲ್ಲಿ 180 ಅಶ್ವಶಕ್ತಿ ಕೊಡುತ್ತಿತ್ತು. ಸ್ವೀಡನ್ನಿನದೇ ಕೋನಿಗ್‌ಸೆಗ್, ಪೆಟ್ರೋಲಿನ ಸಿಸಿಎಕ್ಸ್ 806 ಇದ್ದದ್ದನ್ನು ಎಥನಾಲ್ ಕುಡಿಯುವ ಸಿಸಿಎಕ್ಸ್‌ಆರ್ ಮಾಡಿ 1,018ಕ್ಕೆ ಏರಿಸಿತು. 2023ರ ಡಾಡ್ಜ್ ಡೀಮನ್ 170 ಇ10ನಲ್ಲಿ (ಶೇ 10 ಎಥನಾಲ್ ಬೆರೆತ ಮಾಮೂಲಿ ಪೆಟ್ರೋಲ್) 900, ಇ85ನಲ್ಲಿ 1,025. ಮೂರರಲ್ಲೂ ಗಾಳಿ ಒತ್ತಿ ತುಂಬುವ ಎಂಜಿನ್ ಇರುವುದನ್ನು ಗಮನಿಸಿ. ಟರ್ಬೊ ಅಥವಾ ಸೂಪರ್‌ಚಾರ್ಜರ್ ಇಲ್ಲದ ಗಾಡಿಗೆ ಇದೆಲ್ಲ ಮಾಡಿಸುವುದು ಹೆಚ್ಚಾಗಿ ದುಡ್ಡು ದಂಡ.

ಏನೂ ಬದಲಾಯಿಸ್ದೆ ಸುಮ್ನೆ ಒಂದು ಟ್ಯಾಂಕ್ ಇ85 ಹಾಕಿದ್ರೆ?

ಹಾಕಬೇಡಿ. ಅಷ್ಟೇ ಗಾಳಿಗೆ ಇ85 ಗಾತ್ರದಲ್ಲಿ ಮೂರನೇ ಒಂದು ಪಾಲು ಹೆಚ್ಚು ಬೇಕು. ಇಸಿಯು ತನ್ನ ಕೈಲಾದಷ್ಟು ಸರಿದೂಗಿಸಿ ಸೋಲುತ್ತದೆ, ಗಾಳಿಗೆ ಇಂಧನ ಸಾಲದೆ ಮಿಶ್ರಣ ತೆಳುವಾಗುತ್ತದೆ, ಪಿ0171 ಕೋಡ್ ಜೊತೆ ಚೆಕ್ ಎಂಜಿನ್ ದೀಪ ಹತ್ತುತ್ತದೆ. ನಿಧಾನಕ್ಕೆ ಓಡಿಸಿದರೆ ಕುಂಟುತ್ತಾ ಮನೆ ಸೇರೀತು. ಆಕ್ಸಿಲರೇಟರ್ ಪೂರ್ತಿ ತುಳಿದಿರೋ, ಆಗ ಇಸಿಯು ಆಕ್ಸಿಜನ್ ಸೆನ್ಸರಿನ ಮಾತು ಕೇಳುವುದನ್ನೇ ಬಿಟ್ಟಿರುತ್ತದೆ. ತೆಳು ಮಿಶ್ರಣ, ಮೇಲೆ ಬೂಸ್ಟ್. ಇಜೆ ಎಂಜಿನ್ನಿನ ಪಿಸ್ಟನ್ ರಿಂಗ್ ಕೂರುವ ಅಂಚು ಮೊದಲೇ ನಾಜೂಕು, ಅದರ ಜೊತೆ ಈ ಆಟ ಬೇಡ.

ಹಾಗಾದ್ರೆ ಏನೇನು ಬದಲಾಯಿಸಬೇಕು?

ಇಂಧನ ಸಿಂಪಡಿಸುವ ಇಂಜೆಕ್ಟರ್, ಟ್ಯಾಂಕಿನೊಳಗಿನ ಪಂಪ್, ಎಥನಾಲ್ ಎಷ್ಟಿದೆ ಎಂದು ಅಳೆಯುವ ಫ್ಲೆಕ್ಸ್ ಸೆನ್ಸರ್, ಪ್ಲಗ್, ಕೆಲವು ಹೋಸ್, ಕೊನೆಗೆ ಟ್ಯೂನ್. ಯಾವ ಅಳತೆಯ ಇಂಜೆಕ್ಟರ್ ಅಂತ ಅಂಗಡಿಯವನನ್ನು ಕೇಳುವುದಕ್ಕಿಂತ ಲೆಕ್ಕ ಹಾಕಿ, ಕಷ್ಟವೇನಿಲ್ಲ.

ಎಂಜಿನ್ 420 ಅಶ್ವಶಕ್ತಿ ಕೊಡಬೇಕು ಅಂದುಕೊಳ್ಳಿ. ಟರ್ಬೊ ಎಂಜಿನ್ ಪೂರ್ತಿ ದುಡಿಯುವಾಗ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 0.8 ಪೌಂಡ್ ಇ85 ನುಂಗುತ್ತದೆ. 420ಕ್ಕೆ 336 ಪೌಂಡ್, ಅಂದರೆ 152 ಕೆಜಿ. ನಾಲ್ಕು ಸಿಲಿಂಡರಿಗೆ ಹಂಚಿದರೆ ತಲಾ 38 ಕೆಜಿ. ಸಾಂದ್ರತೆ 0.78 ಹಿಡಿದರೆ ಗಂಟೆಗೆ ಸುಮಾರು 49 ಲೀಟರ್, ನಿಮಿಷಕ್ಕೆ 815 ಸಿಸಿ. ಇಂಜೆಕ್ಟರನ್ನು ಶೇ 85ಕ್ಕಿಂತ ಹೆಚ್ಚು ಹೊತ್ತು ತೆರೆದಿಡಬಾರದು ಎನ್ನುವುದು ರೂಢಿ, ಅದಕ್ಕೆ ಭಾಗಿಸಿದರೆ 960 ಸಿಸಿ. ಹಾಗಾಗಿ 1,000 ಸಿಸಿಯದು ತಗೊಳ್ಳಿ. ಅಷ್ಟೇ ಶಕ್ತಿಗೆ ಪೆಟ್ರೋಲಿನಲ್ಲಾದರೆ 800 ಸಿಸಿಯೊಳಗೆ ಮುಗಿಯುತ್ತಿತ್ತು.

ಪಂಪಿಗೂ ಅದೇ ಲೆಕ್ಕ: ನಾಲ್ಕು ಇಂಜೆಕ್ಟರ್ ಸೇರಿ ಗಂಟೆಗೆ 196 ಲೀಟರ್. ಪೆಟ್ಟಿಗೆಯ ಮೇಲೆ 255 ಲೀಟರ್ ಎಂದು ಬರೆದ ಪಂಪ್ ಸಾಕಲ್ಲ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಬೂಸ್ಟ್ ಏರಿದಂತೆ ಪೈಪಿನ ಒತ್ತಡವನ್ನೂ ಅಷ್ಟೇ ಏರಿಸಬೇಕು, ಒತ್ತಡ ಏರಿದಂತೆ ಪಂಪ್ ದೂಡುವ ಪ್ರಮಾಣ ಇಳಿಯುತ್ತದೆ. 6,000 ಆರ್‌ಪಿಎಂ ಮೇಲೆ ನನ್ನ ಗಾಡಿ ಉಸಿರು ಕಟ್ಟಿದಂತೆ ಆಡತೊಡಗಿದಾಗ ಕಲಿತ ಪಾಠ. ಎರಡನೇ ಸಲ ಹಿಂದಿನ ಸೀಟು ಬಿಚ್ಚಿ 340 ಲೀಟರಿನದು ಹಾಕಿದೆ. ಎಥನಾಲ್‌ಗೆಂದೇ ಮಾಡಿದ ಪಂಪ್ ಹೌದೋ ಅಲ್ಲವೋ ನೋಡಿಕೊಳ್ಳಿ.

ಕಿಡಿ ಕೊಡುವ ಪ್ಲಗ್ ಒಂದು ಮೆಟ್ಟಿಲು ತಣ್ಣನೆಯದು (ಶಾಖವನ್ನು ಬೇಗ ಬಿಟ್ಟುಕೊಡುವಂಥದ್ದು), ಸಂದು 0.7 ಮಿಮೀ ಆಸುಪಾಸು.

ಫ್ಲೆಕ್ಸ್ ಸೆನ್ಸರ್ ಬೇಕೇ ಬೇಕಾ? ಇ85ಗೆ ಒಂದು ಮ್ಯಾಪ್ ಹಾಕಿಸ್ಕೊಂಡ್ರೆ ಸಾಲ್ದಾ?

ಮೊದಲ ವರ್ಷ ನಾನು ಮಾಡಿದ್ದು ಅದೇ, ಎಷ್ಟು ಇಂಧನ, ಯಾವಾಗ ಕಿಡಿ ಎಂದು ಇಸಿಯುಗೆ ಹೇಳುವ ಒಂದೇ ಪಟ್ಟಿ (ಮ್ಯಾಪ್). ಬೇಸಿಗೆಯಲ್ಲಿ ಟ್ಯೂನ್ ಮಾಡಿಸಿದೆ, ಗಾಡಿ ಹಾರುತ್ತಿತ್ತು. ನವೆಂಬರಿನ ಒಂದು ಸಂಜೆ ಮಾಮೂಲಿ ಬಂಕಿನಲ್ಲೇ ಟ್ಯಾಂಕ್ ತುಂಬಿಸಿ ಹೆದ್ದಾರಿಗೆ ಹತ್ತುವಾಗ ಮೂರನೇ ಗೇರಿನಲ್ಲಿ ತುಳಿದೆ. ಗಾಡಿ ಮುಗ್ಗರಿಸಿತು, ಕನ್ನಡಿಯಲ್ಲಿ ಕಪ್ಪು ಹೊಗೆ. ಸುಬಾರು ಇಸಿಯುನಲ್ಲಿ ಡಿಎಎಂ ಅಂತ ಒಂದು ಅಂಕಿ ಇರುತ್ತದೆ, ಹುಡುಗರು ಡ್ಯಾಮ್ ಅನ್ನುತ್ತಾರೆ, ಕೆಆರ್‌ಎಸ್ ಅಲ್ಲ. ಅದು 1 ಇದ್ದರೆ ಎಂಜಿನ್ ನಿಶ್ಚಿಂತೆ, ನಾಕಿಂಗ್ ಕೇಳಿಸಿದರೆ ಇಳಿಯುತ್ತದೆ. ನಿಲ್ಲಿಸಿ ನೋಡಿದರೆ 0.75. ಡಿಕ್ಕಿಯ ಕೊಳವೆ ತೆಗೆದು ಅಳೆದೆ, ಎಥನಾಲ್ ಶೇ 60. ಚಳಿಗಾಲದ ಸರಕು ಬಂದಿಳಿದಿತ್ತು. ಮ್ಯಾಪ್ ಬರೆದದ್ದು 80ಕ್ಕೆ. ಇಂಧನ ಹೆಚ್ಚಾಗಿ ಸುರಿಯಿತು, ಕಿಡಿ ಮಾತ್ರ 80ರ ಧೈರ್ಯದಲ್ಲೇ ಹಾರುತ್ತಿತ್ತು. ಬಂಕಿನವನ ತಪ್ಪೇನಿಲ್ಲ, ಮಾನಕದೊಳಗೇ ಇತ್ತು. ಅಳೆಯದೇ ಹಾಕಿದವನು ನಾನು.

ಸೆನ್ಸರ್ ಕೂರುವುದು ಇಂಧನದ ಪೈಪಿನಲ್ಲಿ. ಎಥನಾಲ್ ಇಲ್ಲದಿದ್ದರೆ 50 ಹರ್ಟ್ಸ್, ಪೂರ್ತಿ ಎಥನಾಲ್ ಆದರೆ 150 ಹರ್ಟ್ಸ್ ಸಂಕೇತ ಕಳಿಸುತ್ತದೆ, 50 ಕಳೆದರೆ ಅದೇ ಶೇಕಡಾವಾರು. ಇಸಿಯು ಅದನ್ನು ಓದಿ ಪೆಟ್ರೋಲ್ ಮ್ಯಾಪ್ ಮತ್ತು ಎಥನಾಲ್ ಮ್ಯಾಪ್‌ಗಳ ನಡುವೆ ತಾನೇ ಜಾಗ ಹುಡುಕಿಕೊಳ್ಳುತ್ತದೆ. ಯಾವ ಬಂಕು, ಯಾವ ತಿಂಗಳು ಎಂಬ ಚಿಂತೆ ತಪ್ಪಿತು. ಎಲ್ಲದಕ್ಕೂ ಜಿಪುಣತನ ಮಾಡಿ, ಇದಕ್ಕೊಂದಕ್ಕೆ ಬೇಡ. ಸೆನ್ಸರ್ ಹಾಕಿಸಿದ ಮೇಲೂ ನಾನು ಕೊಳವೆ ಎಸೆದಿಲ್ಲ, ಸೆನ್ಸರ್ ಕೆಟ್ಟರೆ ಸಾಕ್ಷಿ ಹೇಳಲು ಒಂದು ಬೇಕು.

ಗಾಳಿ-ಇಂಧನದ ಗೇಜ್ 14.7 ತೋರಿಸ್ತಿದೆ. ಇ85ಗೆ 9.8 ಇರ್ಬೇಕಲ್ವಾ? ಇಂಜಿನ್ ಹೋಯ್ತಾ?

ಏನೂ ಆಗಿಲ್ಲ. ಗೇಜ್ ನಿಜವಾಗಿ ಅಳೆಯುವುದು ಲ್ಯಾಂಬ್ಡಾ. ಗಾಳಿಗೆ ತಕ್ಕಷ್ಟೇ ಇಂಧನ ಇದ್ದರೆ ಅದು 1. ಗೇಜ್ ಮಾಡಿದವರು ಅದನ್ನು 14.7ರಿಂದ ಗುಣಿಸಿ ಪೆಟ್ರೋಲಿನ ಭಾಷೆಯಲ್ಲಿ ತೋರಿಸುತ್ತಾರೆ, ಟ್ಯಾಂಕಿನಲ್ಲಿ ಏನಿದೆ ಎಂದು ಅದಕ್ಕೆ ಗೊತ್ತಿಲ್ಲ. ಗೇಜನ್ನು ಲ್ಯಾಂಬ್ಡಾಗೆ ಬದಲಾಯಿಸಿಕೊಳ್ಳಿ, ಗೊಂದಲ ಹೋಗುತ್ತದೆ.

ಇಷ್ಟೆಲ್ಲ ಖರ್ಚು ಬೇಡ. ಬಂಕಲ್ಲಿ ಅರ್ಧ ಅದು ಅರ್ಧ ಇದು ಹಾಕಿ ಇ30 ಮಾಡ್ಕೊಂಡ್ರೆ?

ಅದು ಒಳ್ಳೆಯ ಮಧ್ಯಮ ದಾರಿ, ಆದರೆ ಅದಕ್ಕೂ ಬೇರೆ ಟ್ಯೂನ್ ಬೇಕು, ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರುತ್ತದೆ ಅಂತ ಲಾಗ್ ನೋಡಬೇಕು. ಲೆಕ್ಕ ಸಲೀಸು. ಅಳೆದಾಗ ಶೇ 70 ಬಂದ ಇ85 ಐದು ಗ್ಯಾಲನ್, ಮಾಮೂಲಿ 93 ಆಕ್ಟೇನಿನ ಇ10 ಹತ್ತು ಗ್ಯಾಲನ್. ಎಥನಾಲ್ 3.5 ಮತ್ತು 1, ಒಟ್ಟು 15ರಲ್ಲಿ 4.5, ಸರಿಯಾಗಿ ಶೇ 30. ಅದೇ ಬೇಸಿಗೆಯ ಶೇ 83ರ ಸರಕಾದರೆ ಒಟ್ಟು 15ರಲ್ಲಿ 4.1 ಗ್ಯಾಲನ್ ಸಾಕು. ಮೊದಲು ಇ85 ಹಾಕಿ ಆಮೇಲೆ ಪೆಟ್ರೋಲ್ ಹಾಕಿ, ಬೆರೆಯಲು ಐದಾರು ಮೈಲಿ ಮೆತ್ತಗೆ ಓಡಿಸಿ. ಟ್ಯಾಂಕಿನಲ್ಲಿ ಮೊದಲೇ ಉಳಿದದ್ದನ್ನು ಲೆಕ್ಕಕ್ಕೆ ಸೇರಿಸಲು ಮರೆಯುವವರೇ ಹೆಚ್ಚು.

ಮೈಲೇಜ್?

ಇಳಿಯುತ್ತದೆ. ಇ10ಗೆ ಹೋಲಿಸಿದರೆ ಶೇ 70ರ ಸರಕಿನಲ್ಲಿ ಗ್ಯಾಲನ್ನಿಗೆ ಶೇ 21 ಶಕ್ತಿ ಕಮ್ಮಿ, ಶೇ 83ರದರಲ್ಲಿ ಶೇ 25ಕ್ಕೂ ತುಸು ಹೆಚ್ಚು. ನನ್ನ ಗಾಡಿ ಗ್ಯಾಲನ್ನಿಗೆ 19 ಮೈಲಿ ಕೊಡುತ್ತಿದ್ದದ್ದು 14ಕ್ಕೆ ಬಂತು, ಅದರಲ್ಲಿ ನನ್ನ ಬಲಗಾಲಿನ ಪಾಲೂ ಇದೆ. ಬೆಲೆ ಹೋಲಿಸುವಾಗ ಎಸ್‌ಟಿಐಗೆ ಹೇಗೂ ಪ್ರೀಮಿಯಂ ಬೇಕು, ಅದರ ಜೊತೆ ಹೋಲಿಸಿ. ಇ85 ಅದಕ್ಕಿಂತ ಕಾಲು ಭಾಗ ಅಗ್ಗ ಇದ್ದರೆ ಸರಿಸಮ. ದುಡ್ಡು ಉಳಿಸಲು ಇದನ್ನು ಮಾಡುವವರಿದ್ದರೆ ಇಂಜೆಕ್ಟರಿನ ಬೆಲೆ ಮೊದಲು ಕೇಳಿಕೊಂಡು ಬನ್ನಿ.

ಮಿನೆಸೋಟದ ಚಳಿಗೆ ಸ್ಟಾರ್ಟ್ ಆಗುತ್ತಾ?

ಆಗುತ್ತದೆ, ಗೊಣಗಿಕೊಂಡು. ಶುದ್ಧ ಎಥನಾಲ್‌ನ ಆವಿ ಬೆಂಕಿ ಹಿಡಿಯಲು ಸುಮಾರು 13 ಡಿಗ್ರಿ ಸೆಲ್ಸಿಯಸ್ ಆದರೂ ಬೇಕು. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಆವಿ ಬಿಡುತ್ತದೆ. ಚಳಿಗಾಲದಲ್ಲಿ ಪೆಟ್ರೋಲಿನ ಪಾಲು ಹೆಚ್ಚಿಸುವುದು ಅದಕ್ಕೇ. ಜನವರಿಯಲ್ಲಿ ಇಲ್ಲಿ ಸೊನ್ನೆಗಿಂತ 25 ಡಿಗ್ರಿ ಕೆಳಗೆ ಹೋಗುವುದು ಹೊಸದೇನಲ್ಲ. ಅಂಥ ಬೆಳಿಗ್ಗೆ ಎರಡು ಮೂರು ಸಲ ಕ್ರ್ಯಾಂಕ್ ಮಾಡಬೇಕು, ರಾತ್ರಿ ಎಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್ ಪ್ಲಗ್ ಮಾಡಿಟ್ಟಿದ್ದರೆ ಒಂದೇ ಸಲಕ್ಕೆ. ಡಿಸೆಂಬರಿನಿಂದ ಫೆಬ್ರುವರಿವರೆಗೆ ನಾನು ಪೆಟ್ರೋಲಿಗೇ ಮರಳುತ್ತೇನೆ. ಹಿಮದ ರಸ್ತೆಯಲ್ಲಿ ಆ ಪವರ್ ಇಟ್ಟುಕೊಂಡು ಮಾಡುವುದಾದರೂ ಏನು?

ರಬ್ಬರು, ಟ್ಯಾಂಕು ಎಲ್ಲ ತಿಂದು ಹಾಕುತ್ತಂತೆ?

1980ರ ದಶಕದ ಕಾರ್ಬ್ಯುರೇಟರ್ ಗಾಡಿಯಾದರೆ ಹೌದು. ಆಗಿನ ರಬ್ಬರ್, ಕಾರ್ಕ್ ಗ್ಯಾಸ್ಕೆಟ್, ಸತುವಿನ ಭಾಗಗಳು ಎಥನಾಲ್‌ಗೆ ತಡೆಯುವುದಿಲ್ಲ. ಈಚಿನವು ಇ10ಗೆಂದೇ ತಯಾರಾದವು, ಮೂರು ವರ್ಷದಲ್ಲಿ ನನ್ನ ಮೂಲ ಪೈಪುಗಳಿಗೆ ಏನೂ ಆಗಿಲ್ಲ. ಹೊಸದಾಗಿ ಹಾಕುವ ಹೋಸ್ ಮಾತ್ರ ಒಳಗೆ ಪಿಟಿಎಫ್‌ಇ (ಟೆಫ್ಲಾನ್) ಇರುವುದೇ ಇರಲಿ. ಅಗ್ಗದ ರಬ್ಬರ್ ಹೋಸ್ ಊದಿಕೊಳ್ಳುತ್ತದೆ, ಗ್ಯಾರೇಜಿನಲ್ಲಿ ವಾಸನೆ ಬರತೊಡಗಿದಾಗ ಗೊತ್ತಾಗುತ್ತದೆ. ಇನ್ನೊಂದು: ಎಥನಾಲ್ ಟ್ಯಾಂಕಿನ ಹಳೇ ಕೊಳೆಯನ್ನೆಲ್ಲ ತೊಳೆದು ತರುತ್ತದೆ, ಮೊದಲ ಎರಡು ಮೂರು ಟ್ಯಾಂಕ್ ಆದಮೇಲೆ ಫಿಲ್ಟರ್ ನೋಡಿ.

ಇಂಜಿನ್ ಆಯಿಲ್?

3,000 ಮೈಲಿಗೆ ಬದಲಾಯಿಸುತ್ತೇನೆ. ಎಥನಾಲ್ ಆವಿಯಾಗಲು 78 ಡಿಗ್ರಿ ಬೇಕು. ಹಾಲು ತರಲು ಅರ್ಧ ಮೈಲಿ ಹೋಗಿ ಬಂದರೆ ಆಯಿಲ್ ಅಷ್ಟು ಕಾಯುವುದೇ ಇಲ್ಲ, ಉರಿಯದ ಇಂಧನವೂ ನೀರೂ ಅದರಲ್ಲೇ ಉಳಿಯುತ್ತವೆ. ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡರೆ ಗಾಬರಿಯಾಗಬೇಡಿ, ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿಸಿ ಮತ್ತೆ ನೋಡಿ. ಆಗಲೂ ಇದ್ದರೆ, ಕೂಲೆಂಟ್ ಮಟ್ಟವೂ ಇಳಿದಿದ್ದರೆ, ಗಾಬರಿಯಾಗಿ.

ಕಾನೂನು ಏನನ್ನುತ್ತೆ?

ಅಮೆರಿಕದಲ್ಲಿ ಫ್ಲೆಕ್ಸ್ ಫ್ಯುಯೆಲ್ (ಪೆಟ್ರೋಲ್, ಇ85 ಎರಡಕ್ಕೂ ಕಂಪನಿಯೇ ತಯಾರಿಸಿದ್ದು) ಅಲ್ಲದ, 2001ರ ಮತ್ತು ನಂತರದ ಮಾದರಿಯ ಕಾರುಗಳಿಗೆ ಇ15ವರೆಗೆ ಮಾತ್ರ ಅನುಮತಿ. ಅದರಾಚೆಗೆ ರಸ್ತೆ ಗಾಡಿಯ ಇಂಧನ ವ್ಯವಸ್ಥೆ, ಇಸಿಯು ಮುಟ್ಟುವುದು ಶುದ್ಧ ಗಾಳಿ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ, ಕಿಟ್‌ಗೆ ಪರಿಸರ ಇಲಾಖೆಯ ಒಪ್ಪಿಗೆ ಇದೆಯೇ ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ವಾಯು ಮಂಡಳಿಯ ಆದೇಶ ಸಂಖ್ಯೆ ಇಲ್ಲದ ಭಾಗ ಕಂಡರೆ ಸ್ಮಾಗ್ ಪರೀಕ್ಷೆಯಲ್ಲೇ ನಪಾಸು. ಮಿನೆಸೋಟದಲ್ಲಿ ಹೊಗೆ ಪರೀಕ್ಷೆ 1999ರಲ್ಲೇ ನಿಂತಿದೆ, ಹಾಗಂತ ಕೇಂದ್ರದ ಕಾನೂನು ನಿಂತಿಲ್ಲ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸುವ ಸಲಹೆ ಕೊಡುವವರ ಮಾತು ಕೇಳಬೇಡಿ.

ವಾರಂಟಿ?

ಎಂಜಿನ್ ವಾರಂಟಿಯ ಆಸೆ ಬಿಟ್ಟು ಶುರುಮಾಡಿ.

ನಾನಿರೋದು ಬೆಂಗಳೂರಲ್ಲಿ. ನನ್ನ ಪೋಲೊ ಜಿಟಿಗೆ ಮಾಡಿಸ್ಬಹುದಾ?

ಚಿಕ್ಕಪ್ಪನ ಮಗನ ಪ್ರಶ್ನೆ ಇದು. ಇ20 ಮೊದಲು ಬಿಡುಗಡೆಯಾದದ್ದೇ ಬೆಂಗಳೂರಿನಲ್ಲಿ, 2023ರ ಫೆಬ್ರುವರಿ 6ರಂದು. 2024ರ ಮಾರ್ಚಿನಲ್ಲಿ ಇಂಡಿಯನ್ ಆಯಿಲ್ ಎಥನಾಲ್ 100 ಅನ್ನು ಮಹಾರಾಷ್ಟ್ರ, ಕರ್ನಾಟಕ, ಉತ್ತರ ಪ್ರದೇಶ, ತಮಿಳುನಾಡು, ದೆಹಲಿಯ 183 ಬಂಕುಗಳಿಗೆ ತಂದಿತು. ಹೆಸರು 100, ಒಳಗಿರುವುದು 93ರಷ್ಟು ಎಥನಾಲ್, ಉಳಿದದ್ದು ಪೆಟ್ರೋಲ್ ಮತ್ತು ಎರಡನ್ನೂ ಕೂಡಿಸಿಡುವ ದ್ರಾವಕ. ಅಲ್ಲೂ ನೋಡಿ, ಹೆಸರು ಒಂದು, ಅಳತೆ ಇನ್ನೊಂದು. ಅದು ಫ್ಲೆಕ್ಸ್ ಫ್ಯುಯೆಲ್ ಗಾಡಿಗಳಿಗೆ. ಟೊಯೊಟ ಇನ್ನೋವಾ ಹೈಕ್ರಾಸ್‌ನ ಅಂಥ ಒಂದು ಮಾದರಿಯನ್ನು 2023ರ ಆಗಸ್ಟಿನಲ್ಲಿ ತೋರಿಸಿತ್ತು.

ನಿನ್ನ ಪೋಲೊ ಬೇರೆ ಜಾತಿ ಕಣಪ್ಪ. ಟಿಎಸ್‌ಐ ಎಂಜಿನ್ ಇಂಧನವನ್ನು ನೇರ ಸಿಲಿಂಡರಿನೊಳಕ್ಕೇ ಸಿಂಪಡಿಸುತ್ತದೆ. ಕ್ಯಾಮ್‌ಶಾಫ್ಟಿನಿಂದ ತಿರುಗುವ ಅಧಿಕ ಒತ್ತಡದ ಪಂಪ್ ಎಷ್ಟು ದೂಡುತ್ತದೋ ಅಷ್ಟೇ ಮಿತಿ. ನನ್ನ ಹಾಗೆ ದೊಡ್ಡ ಇಂಜೆಕ್ಟರ್ ತಂದು ತಿರುಗಿಸಿ ಕೂರಿಸಿದರೆ ಮುಗಿಯುವ ಕೆಲಸ ಅಲ್ಲ. ಇನ್ನೊಂದು ಕಡೆ ಅದರ ಏಳು ಗೇರಿನ ಡಿಎಸ್‌ಜಿ ಗೇರ್‌ಬಾಕ್ಸ್ ತಡೆಯುವುದು 250 ನ್ಯೂಟನ್ ಮೀಟರ್ ಟಾರ್ಕ್. ಎಥನಾಲ್ ಕೊಡುವ ಟಾರ್ಕ್ ಮೊದಲು ಸುಡುವುದು ಅದರ ಕ್ಲಚ್ಚನ್ನು. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿ ಬರೆದ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ, ಇಂಧನವೂ ಆ ವಿವರಗಳಲ್ಲಿ ಒಂದು. ಇ20ಗೆ ಸರಿಯಾಗಿ ಬರೆದ ಒಂದು ಟ್ಯೂನ್‌ಗೇ ತೃಪ್ತಿಪಡು.

ಹೊಗೆ ವಾಸನೆ ಬೇರೆ ಇರುತ್ತಂತೆ ನಿಜಾನಾ?

ನಿಜ, ಸಿಹಿ ಹುಳಿ ಬೆರೆತದ್ದು. ಮೊದಲ ದಿನ ಗ್ಯಾರೇಜಿನಲ್ಲಿ ಸ್ಟಾರ್ಟ್ ಮಾಡಿದಾಗ ಮಂಡ್ಯದ ಸಕ್ಕರೆ ಕಾರ್ಖಾನೆ ಪಕ್ಕ ಬಸ್ಸಿನ ಕಿಟಕಿಯಲ್ಲಿ ಕೂತಂತಾಯಿತು. ಹೆಂಡತಿಗೆ ಮಾತ್ರ ಅದು ಬರೀ ಹೆಂಡದ ವಾಸನೆ.

ಗಾಡಿ ತಿಂಗಳುಗಟ್ಟಲೆ ನಿಲ್ಲಿಸಿ ಊರಿಗೆ ಹೋದ್ರೆ?

ಎಥನಾಲ್ ಗಾಳಿಯಲ್ಲಿನ ತೇವ ಹೀರುತ್ತದೆ. ಹೊರಡುವ ಮೊದಲು ಎಥನಾಲ್ ಇಲ್ಲದ ಪ್ರೀಮಿಯಂ ಪೆಟ್ರೋಲ್ ಎರಡು ಸಲ ತುಂಬಿಸಿ ಓಡಿಸಿ ಖಾಲಿ ಮಾಡಿ, ಮೂರನೇ ಸಲ ಟ್ಯಾಂಕ್ ಗಂಟಲತನಕ ತುಂಬಿಸಿ ನಿಲ್ಲಿಸಿ. ಅರ್ಧ ಟ್ಯಾಂಕ್ ಇ85 ಬಿಟ್ಟು ಹೋಗಬೇಡಿ.

ಬೇಸರ ಆದ್ರೆ ವಾಪಸ್ ಪೆಟ್ರೋಲಿಗೆ ಬರ್ಬಹುದಾ?

ಫ್ಲೆಕ್ಸ್ ಸೆನ್ಸರ್ ಇದ್ದರೆ ಇವತ್ತೇ ಬಂಕಿಗೆ ಹೋಗಿ ಪೆಟ್ರೋಲ್ ಹಾಕಿಸಿ, ಮುಗಿಯಿತು. ಸೆನ್ಸರ್ ಇಲ್ಲದಿದ್ದರೆ ಟ್ಯಾಂಕಿನ ದೀಪ ಹತ್ತುವವರೆಗೆ ಓಡಿಸಿ, ಪೆಟ್ರೋಲ್ ತುಂಬಿಸಿ, ಬಂಕಿನಲ್ಲೇ ನಿಂತು ಮ್ಯಾಪ್ ಬದಲಾಯಿಸಿ. ತಳದಲ್ಲಿ ಉಳಿದ ಇ85 ಇನ್ನೂ ಒಂದು ಟ್ಯಾಂಕ್ ಕಾಲ ಲೆಕ್ಕ ಕೆಡಿಸುತ್ತಿರುತ್ತದೆ, ಅಲ್ಲಿಯವರೆಗೆ ಬೂಸ್ಟಿಗೆ ಕೈ ಹಾಕಬೇಡಿ.